ಎರಡನೆಯ ಗುಂಡು

ಕುಕ್ಕರ್ ಕೂಗುವ ಮೊದಲು ನಾನು "ಈಗ ಕೂಗುತ್ತೆ" ಎನ್ನುತ್ತೇನೆ. ಅಂದು ಬೆಳಿಗ್ಗೆಯೂ ಎಂದೆ. ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಬೂಟಿಗೆ ಪಾಲಿಶ್ ಹಾಕುತ್ತಿದ್ದ ನನ್ನ ಗಂಡ "ಹ್ಞೂಂ" ಎಂದರು. ಸೈನ್ಯ ಬಿಟ್ಟು ಆರು ವರ್ಷವಾದರೂ ಬೂಟು ದಿನಾ ಹೊಳೆಯಬೇಕು. ನಾನು ಹೇಳದೆ ಕುಕ್ಕರ್ ಕೂಗಿದರೆ ಮಾತ್ರ ಬ್ರಷ್ ಒಂದು ಕಡೆ, ಅವರು ಒಂದು ಕಡೆ ನೆಲ ಹಿಡಿಯುತ್ತಾರೆ.

ಇದು ನಮ್ಮಿಬ್ಬರ ಗುಟ್ಟು. ಶೌರ್ಯಕ್ಕೆ ಪದಕ ಪಡೆದವರೆಂದು ಊರಿನ ಸಮಾರಂಭಗಳಲ್ಲಿ ಮುಂದಿನ ಸಾಲಿನ ಕುರ್ಚಿ ಅವರಿಗೇ. ಗಡಿಯ ಠಾಣೆಯಲ್ಲಿ ಮೊದಲ ಗುಂಡು ಬಂಡೆಗೆ ಬಡಿದಾಗ ಪಕ್ಕದಲ್ಲಿದ್ದ ಗೆಳೆಯ ಇವರ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದನಂತೆ. ಎರಡನೆಯದು ಅವನಿಗೇ ತಾಗಿತು. ಅವನ ಹೆಣದ ಪಕ್ಕದಲ್ಲೇ ಕೂತು ಇಡೀ ದಿನ ಠಾಣೆ ಕಾಯ್ದದ್ದಕ್ಕೆ ಆ ಪದಕ. ಸದ್ದಿಗೆ ಹೆದರುತ್ತಾರೆಂದು ಯಾರಿಗೂ ತಿಳಿಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ರೊಟ್ಟಿ ತಟ್ಟುತ್ತಿದ್ದಾಗ ಫೋನ್ ಬಂತು. ಅವರ ದೊಡ್ಡಪ್ಪ ಹೋಗಿಬಿಟ್ಟಿದ್ದರು. ನಮ್ಮಲ್ಲಿ ಊರಿಗೆ ಸುದ್ದಿ ಮುಟ್ಟಿಸಲು ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ, ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಆ ಎರಡನ್ನೂ ಮನೆಯ ಯೋಧನೇ ಹೊಡೆಯಬೇಕೆಂದು ದೊಡ್ಡಪ್ಪ ಮೊದಲೇ ಹೇಳಿಟ್ಟಿದ್ದರಂತೆ. ಇವರು ಬೂಟಿನ ದಾರ ಬಿಗಿದರು, ಬಿಚ್ಚಿದರು, ಮತ್ತೆ ಬಿಗಿದರು.

ಸಾವಿನ ಮನೆಯ ಅಂಗಳದಲ್ಲಿ ದೊಡ್ಡಪ್ಪನ ಹಿರಿಮಗ, ನನಗೆ ಭಾವ, ಜೋಡಿ ನಳಿಗೆಯ ಕೋವಿಗೆ ತೋಟೆ ತುಂಬಿ ಇವರ ಕೈಗೆ ಕೊಟ್ಟರು. ಮೊದಲ ಗುಂಡು ಹಾರಿತು. ಸಿಲ್ವರ್ ಓಕ್ ಮರದಿಂದ ಕಾಗೆಗಳೆದ್ದವು. ಎಲ್ಲರೂ ಎರಡನೆಯದಕ್ಕೆ ಕಾದರು. ಯಾರೋ ಕೆಮ್ಮಿದರು. ಕಾಗೆಗಳು ಒಂದೊಂದಾಗಿ ಮರಕ್ಕೆ ವಾಪಸು ಬಂದವು. ಇವರ ಬೆರಳು ಟ್ರಿಗರಿನ ಮೇಲೆ ಬೆಳ್ಳಗಾಗಿತ್ತು. ಕೋವಿಯ ತುದಿ ಮೆಲ್ಲಗೆ ಕೆಳಗಿಳಿಯಿತು.

"ತೋಟೆ ಹಸಿ ಇರ್ಬೇಕು ಭಾವ" ಎಂದೆ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತವಳು ನಾನು, ಸುಳ್ಳು ಹೇಳಿದರೆ ಈಗಲೂ ಕಿವಿ ಬಿಸಿಯಾಗಿ ಕೆಂಪಾಗುತ್ತದೆ.

ಭಾವ ಕೋವಿ ಮಡಚಿ, ತೋಟೆ ಹೊರತೆಗೆದು ತಿರುಗಿಸಿ ನೋಡಿದರು. ಅದರ ಹಿತ್ತಾಳೆಯ ತಳದಲ್ಲಿ ಪೆಟ್ಟು ಬಿದ್ದ ಗುರುತೇ ಇರಲಿಲ್ಲ. ಟ್ರಿಗರ್ ಎಳೆದೇ ಇಲ್ಲವೆಂದು ಕೋವಿ ಬಲ್ಲ ಯಾರಿಗಾದರೂ ಗೊತ್ತಾಗುತ್ತಿತ್ತು, ಅಲ್ಲಿ ಕೋವಿ ಗೊತ್ತಿಲ್ಲದವರು ಯಾರಿದ್ದರು? ಭಾವ ನನ್ನ ಕಿವಿ ನೋಡಿದರು.

"ಹೌದು, ಹಸಿ" ಎಂದು ಅದನ್ನು ಜೇಬಿಗಿಳಿಸಿ ಒಳಗೆ ಹೋದರು. ಬೀರುವಿನ ಬೀಗದ ಕೈ ಹುಡುಕಿ ಬೇರೆ ತೋಟೆ ತರಲು ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇವರು ನಿಂತ ಜಾಗ ಬಿಡಲಿಲ್ಲ.

"ನಾನ್ ಹೊಡೀಲಾ?" ಭಾವ ಮೆಲ್ಲಗೆ ಕೇಳಿದರು.

ಇವರು ಬೇಡವೆಂದು ತಲೆಯಾಡಿಸಿ ಕೈ ಚಾಚಿದರು. ನಾನು ಹೆಂಗಸರ ಸಾಲು ಬಿಟ್ಟು ಅವರ ಎಡಕ್ಕೆ ಹೋಗಿ ನಿಂತೆ. ಎಲ್ಲರೂ ನೋಡುತ್ತಿದ್ದರು. ಅವರಿಗಷ್ಟೇ ಕೇಳುವಂತೆ "ಈಗ ಕೂಗುತ್ತೆ" ಎಂದೆ.

ಗುಂಡು ಹಾರಿತು. ಅವರು ನಿಂತೇ ಇದ್ದರು.

ಸಂಜೆ ಸ್ನಾನ ಮಾಡಿ ಸೀರೆ ಒಣಹಾಕುತ್ತಿದ್ದೆ. ಬೇಲಿಯಾಚೆ ಬೀನ್ಸ್ ಕೊಯ್ಯುತ್ತಿದ್ದ ಪಕ್ಕದ ಮನೆಯವಳು, ಸುದ್ದಿ ತನಗೆ ಗೊತ್ತಾದದ್ದೇ ಮಧ್ಯಾಹ್ನ ಎಂದು ಬೇಜಾರು ಮಾಡಿಕೊಂಡಳು. ಗುಂಡಿನ ಸದ್ದು ಮಾತ್ರ ಬೆಳಿಗ್ಗೆಯೇ ಕೇಳಿಸಿತ್ತಂತೆ. ಜಗಲಿಯಲ್ಲಿ ಬೂಟು ಬಿಚ್ಚುತ್ತಿದ್ದ ಇವರ ಕೈ ನಿಂತಿತು.

"ಒಂದು ಹೊಡ್ದು, ಕಾಲು ಗಂಟೆ ಬಿಟ್ಟು ಇನ್ನೊಂದು ಹೊಡೆದ್ರೆ ಸಾವು ಅಂತ ಯಾರಿಗಕ್ಕ ಗೊತ್ತಾಗ್ತದೆ?" ಎಂದಳು, ಬೀನ್ಸಿನಿಂದ ಕಣ್ಣೆತ್ತದೆ. "ನಾನು ಯಾರಿಗೋ ಅವಳಿ ಗಂಡು ಮಕ್ಳು ಅಂದ್ಕೊಂಡೆ."