ನಾಟಿದ ಮಾತು

ಕಾರಟಗಿಯಲ್ಲಿ ನಾನು ಗಂಗಾವತಿ ಬಸ್ಸಿಗೆ ಕಾಯುತ್ತಿದ್ದ ತಿರುವಿನಲ್ಲೇ ಭತ್ತದ ನಾಟಿಗೆ ಹೋಗುವ ಹೆಂಗಸರ ಟಂಟಂ ಗಾಡಿ ನಿಲ್ಲುತ್ತಿತ್ತು. ಅವರ ಮೇಸ್ತ್ರಿಯೂ ಹೆಂಗಸೇ. ಎಲ್ಲರೂ ಹತ್ತಿದ ಮೇಲೆ ಅವರು ಕೆಳಗೇ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ ದಿನವೂ ಕೇಳುತ್ತಿದ್ದರು: "ನಿನ್ನಿ ನನ್ನ ಮಾತು ಯಾರಿಗಾರ ನಾಟೈತೇನ್ರವ್ವಾ?"

ಹೆಚ್ಚಾಗಿ ನಗುವೇ ಉತ್ತರ. ಒಂದು ಬೆಳಿಗ್ಗೆ ಮಾತ್ರ ಒಬ್ಬಳು ಬುತ್ತಿಗಂಟು ಹಿಡಿದು ಹತ್ತದೆ ನಿಂತಳು. ಎದುರಿಗೆ ಬೇರೆ ಗುಂಪಿನ ಟಂಟಂ ಅವಳಿಗಾಗಿ ಕಾಯುತ್ತಿತ್ತು.

"ನನಗ ನಾಟೈತ್ರಿ. ಸಾವ್ಕಾರ್ರ ಮುಂದ 'ಕೈ ಸತ್ತಾವೇನು' ಅಂದ್ರಿ. ನನ್ನ ಮಗಳೂ ಅಲ್ಲೇ ಇದ್ಲು."

ಮೇಸ್ತ್ರಿ ಕಾರಣ ಹೇಳಲಿಲ್ಲ. "ಅಂದೀನಿ. ತಪ್ಪು ನಂದು. ಇಲ್ಲಿ ಹೇಳಿದ್ರ ಸಾಲಂಗಿಲ್ಲ, ಅದ ಗದ್ದಿಯಾಗ ಅವರ ಮುಂದನ ಹೇಳ್ತೀನಿ. ಹೇಳದಿದ್ರ ನಾಳಿ ಆ ಗಾಡಿ ಹತ್ತು."

ಅವಳು ಮೇಸ್ತ್ರಿಯ ಗಾಡಿಯನ್ನೇ ಹತ್ತಿದಳು. ಅಷ್ಟು ಜನರೆದುರು ಅಷ್ಟು ನಿರಾಳವಾಗಿ ತಪ್ಪೊಪ್ಪಿಕೊಂಡವರನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಬಸ್ಸು ಹೋದದ್ದೂ ಗೊತ್ತಾಗಲಿಲ್ಲ.

ಗದ್ದೆಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಮರುದಿನ ಅವಳು ಎಲ್ಲರಿಗಿಂತ ಮೊದಲೇ ಬಂದು ಗಾಡಿಯಲ್ಲಿ ಕೂತಿದ್ದಳು. ಮೇಸ್ತ್ರಿ ಕೆಳಗೆ ನಿಂತು ಮತ್ತೆ ಅದನ್ನೇ ಕೇಳಿದರು.

"ನಿನ್ನಿ ಸಸಿ ಅಷ್ಟ ನಾಟ್ಯಾವ, ಹತ್ರಿ ಅಕ್ಕಾ," ಎಂದಳು ಅವಳು.

ಗಾಡಿಯ ತುಂಬ ನಗು. ಆಮೇಲೆಯೇ ಮೇಸ್ತ್ರಿ ಗಾಡಿಯೊಳಗೆ ಕಾಲಿಟ್ಟರು.