ನೀಲಿ ಫೈಲಿನಲ್ಲಿಟ್ಟ ನಡಿಗೆ

ಮಂಗಳವಾರ ಮತ್ತು ಶುಕ್ರವಾರ ನನ್ನ ಬಳಿ ಬೆಳಗಿನ ಹತ್ತೂ ಇಪ್ಪತ್ತರ ಪಾಳಿ ಹುನಗುಂದದ ಒಬ್ಬ ಹೆಂಗಸಿನದು. ಖಾನಾವಳಿಯೊಂದರಲ್ಲಿ ಕಟ್ಟಿಗೆ ಒಲೆಯ ಮುಂದೆ ಕೂತು ಹರೆಯದಿಂದಲೂ ಜೋಳದ ರೊಟ್ಟಿ ಬಡಿದವಳು. ಬೀಡಿ ಮುಟ್ಟಿದವಳಲ್ಲ. ಒಲೆಯ ಹೊಗೆಯೇ ಅವಳ ಶ್ವಾಸಕೋಶವನ್ನು ತಿಂದಿತ್ತು.

ನಾನು ಬಾಗಲಕೋಟೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿ ಮಾಡುತ್ತೇನೆ. ಅರವತ್ತು ದಾಟಿದರೂ ಬಿಟ್ಟಿಲ್ಲ. ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಹಾಸಿಗೆಯ ಮೇಲೆ ಒಗೆದ ಚಾದರ ಹಾಸಿರಬೇಕು. ಒಬ್ಬ ರೋಗಿಗೆ ಇಪ್ಪತ್ತು ನಿಮಿಷ. ನಾನು ಓದಿದ ಹಾಸ್ಟೆಲಿನಲ್ಲಿ ಗಂಟೆ ಹೊಡೆದ ಮೇಲೆ ಬಂದವರಿಗೆ ಊಟವಿರಲಿಲ್ಲ. ಆ ಗಂಟೆ ಇನ್ನೂ ನನ್ನ ಮೈಯಲ್ಲಿದೆ.

ದೊಡ್ಡ ಡಾಕ್ಟರರ ಚೀಟಿಯಲ್ಲಿ ಅವಳಿಗೆ ಪ್ರತಿಸಲವೂ ಒಂದೇ ಸಾಲು: ಎದೆಗೆ ಫಿಜಿಯೋ ಮಾಡಿ. ಹಬೆ ಕೊಡುತ್ತಿದ್ದೆ, ಮಗ್ಗುಲಾಗಿ ಮಲಗಿಸಿ ಬೆನ್ನು ತಟ್ಟುತ್ತಿದ್ದೆ, ದೀರ್ಘವಾಗಿ ಉಸಿರಾಡಿಸುತ್ತಿದ್ದೆ.

“ನಿಮ್ಮ ಕೈ ಚಲೋ ಐತ್ರಿ ಅಕ್ಕಾರ,” ಅನ್ನುತ್ತಿದ್ದಳು. “ಹಿಂಗ ಬಡದ್ರ ರೊಟ್ಟಿ ಒಂದೂ ಹರಿಯಂಗಿಲ್ಲ.”

“ನನ್ನ ರೊಟ್ಟಿ ನೀ ನೋಡಿಲ್ಲ. ಮಾತು ಸಾಕು, ಉಸಿರ ಬಿಡು.”

ಮೊದಮೊದಲು ಒಬ್ಬಳೇ ಬಸ್ಸಿನಲ್ಲಿ ಬರುತ್ತಿದ್ದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಮೊಮ್ಮಗಳಿಗೆ ಕರದಂಟು ಕೊಳ್ಳುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಇಳಿಯುವುದನ್ನು ಬಿಟ್ಟು ಕಿಟಕಿಯಿಂದಲೇ ಕೈ ಚಾಚತೊಡಗಿದಳು. ಆಮೇಲೆ ಸೊಸೆಯನ್ನು ಕರೆದುಕೊಂಡು ಬರತೊಡಗಿದಳು. ಇದನ್ನೆಲ್ಲ ಅವಳೇ ನಗುತ್ತ ಹೇಳಿದ್ದಳು. ನಾನು ತಟ್ಟುತ್ತ ಕೇಳಿಸಿಕೊಂಡಿದ್ದೆ.

ಅವಳು ಇನ್ನೂ ಒಬ್ಬಳೇ ಬರುತ್ತಿದ್ದಾಗ, ನಮ್ಮಲ್ಲಿ ಹೊಸದಾಗಿ ಸೇರಿದ ಕಿರಿಯ ಥೆರಪಿಸ್ಟ್ ತರಬೇತಿಯೊಂದಕ್ಕೆ ಹೋಗಿ ಬಂದು ಮಾರ್ಗಸೂಚಿಯ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟಳು. ಕಫ ಹೆಚ್ಚಿಲ್ಲದವರಿಗೆ ತಟ್ಟುವುದರಿಂದ ದೊಡ್ಡ ಲಾಭವಿಲ್ಲ, ಅವರನ್ನು ನಡೆಸಬೇಕು, ಕಾಲಿಗೆ ಬಲ ಬರಿಸಬೇಕು, ಸ್ವಲ್ಪ ಉಸಿರು ಹತ್ತಿದರೂ ನಿಗಾ ಇಟ್ಟು ನಡೆಸಬೇಕು ಎಂದಿತ್ತು. ಪೆನ್ಸಿಲ್ ಹಿಡಿದು ಒಂದು ಸಾಲೂ ಬಿಡದೆ ಓದಿದೆ. ಸರಿಯೆನಿಸಿತು. ಎರಡು ತೂತು ಹೊಡೆದು ನೀಲಿ ಫೈಲಿಗೆ ಸೇರಿಸಿದೆ, ಕ್ರಮಾಂಕ ಹಾಕಿದೆ, ‘ಓದಿದೆ’ ಎಂದು ಬರೆದು ತಾರೀಖಿನೊಂದಿಗೆ ಸಹಿ ಮಾಡಿದೆ. ಫೈಲನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಾಗ ಒಂದು ಕೆಲಸ ಮುಗಿಸಿದ ಸಮಾಧಾನವಾಯಿತು.

“ಶುರು ಮಾಡೂನೇನ್ರಿ ಮೇಡಂ?” ಎಂದು ಆ ಕಿರಿಯ ಥೆರಪಿಸ್ಟ್ ಒಮ್ಮೆ ಕೇಳಿದಳು.

“ಎಲ್ಲಿ ನಡಸ್ತಿ? ಜನರ ತಲಿ ಮ್ಯಾಲೇನು?”

ನಡೆಸಲು ಶುರುಮಾಡುವ ಮೊದಲು ಮಾಡುವ ನಡಿಗೆಯ ಪರೀಕ್ಷೆಗೆ ಮೂವತ್ತು ಮೀಟರಿನ ನೇರ ಜಾಗ ಬೇಕು. ನಮ್ಮ ಪಡಸಾಲೆ ಅದರ ಅರ್ಧ, ಅದರಲ್ಲೂ ಬೆಂಚು, ಸ್ಟ್ರೆಚರು, ಬುತ್ತಿಯ ಚೀಲಗಳು. ಇಪ್ಪತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ. ಡಾಕ್ಟರರ ಚೀಟಿಯಲ್ಲಿ ನಡಿಗೆಯ ಮಾತೇ ಇಲ್ಲ. ಒಂದೂ ಸುಳ್ಳು ಕಾರಣವಲ್ಲ. ಹಾಗಾಗಿ ನಾನು ಯಾರಿಗೂ ಉತ್ತರ ಕೊಡಬೇಕಾಗಲಿಲ್ಲ.

ಎರಡು ವರ್ಷ ಕಳೆದಿರಬೇಕು. ಒಂದು ಶುಕ್ರವಾರ ಅವಳನ್ನು ಗಾಲಿಕುರ್ಚಿಯಲ್ಲಿ ತಂದರು. ಡಾಕ್ಟರರ ವರದಿಯ ಪ್ರಕಾರ ಶ್ವಾಸಕೋಶ ಹೋದ ವರ್ಷಕ್ಕಿಂತ ಕೆಟ್ಟಿರಲಿಲ್ಲ. ಎತ್ತಿ ಹಾಸಿಗೆಗೆ ಹಾಕುವಾಗ ಅವಳ ತೊಡೆ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ಮಾಂಸವೇ ಇರಲಿಲ್ಲ. ಇದೇ ಹಾಸಿಗೆಯನ್ನು ಅವಳು ತಾನೇ ಹತ್ತುತ್ತಿದ್ದಳು. ಸಂಜೆ ನೀಲಿ ಫೈಲು ಹುಡುಕಬೇಕಾಗಲಿಲ್ಲ, ಇಟ್ಟಲ್ಲೇ ಇತ್ತು.

ಮಂಗಳವಾರ ಬೆಂಚು ಸರಿಸಿ, ಬೆರಳಿಗೆ ಆಮ್ಲಜನಕದ ಮೀಟರು ಸಿಕ್ಕಿಸಿ, ಅವಳನ್ನು ನಿಲ್ಲಿಸಿದೆ. ಐದಾರು ಹೆಜ್ಜೆಗೆ ಉಸಿರು ಹತ್ತಿತು. ಮೀಟರಿನ ಅಂಕಿ ಚೆನ್ನಾಗಿಯೇ ಇತ್ತು, ಆದರೆ ಸೊಸೆ ನೋಡುತ್ತಿದ್ದುದು ಅತ್ತೆಯ ಮುಖವನ್ನು.

“ಉಸಿರ ಸಾಲವಲ್ದು ಅಂತ ಕರಕೊಂಡ ಬಂದ್ರ ನಡಸಾಕತ್ತೀರಲ್ರಿ. ಮನ್ಯಾಗ ನೀರಿನ ತಂಬಿಗಿನೂ ಎತ್ತಗೊಡಂಗಿಲ್ಲ ನಾವು.”

“ಬಡೀರಿ ಅಕ್ಕಾರ,” ಎಂದಳು ಅವಳು. “ನಡಿಯೂದು ಬ್ಯಾಡ.”

ಮುಂದಿನ ಎರಡು ಪಾಳಿ ಖಾಲಿ ಹೋದವು. ಫೋನು ಮಾಡಿದರೆ ಸೊಸೆ, “ಇಳಕಲ್ಲಿಗೆ ಹೊಂಟೇವ್ರಿ. ಅಲ್ಲೆ ಬಡೀತಾರ,” ಎಂದಳು.

ಭಾನುವಾರ ನೀಲಿ ಫೈಲು ಹಿಡಿದು ಹುನಗುಂದಕ್ಕೆ, ಅವಳ ಮನೆಗೆ ಹೋದೆ. ಬಾಗಿಲ ಬಳಿ ಮಂಚದ ಮೇಲೆ ಅವಳೊಬ್ಬಳೇ ಕೂತಿದ್ದಳು. ಫೈಲು ಬಿಚ್ಚಿ, ತಟ್ಟುವುದು ಏಕೆ ಸಾಲದು, ಕಾಲಿಗೂ ಉಸಿರಿಗೂ ಏನು ಸಂಬಂಧ ಎಂದು ಹೇಳಿದೆ. ಅವಳು ಹಾಳೆಯ ಮೇಲೆ ಬೆರಳಿಟ್ಟಳು.

“ಈ ಹಾಳಿ ನಿಮ್ಮ ಕಡೆ ಎಂದು ಬಂತ್ರಿ?”

ಸಹಿಯ ಕೆಳಗೆ ತಾರೀಖಿತ್ತು. ಓದಿ ಹೇಳಿದೆ.

ಬೆರಳ ಮೇಲೆ ತಿಂಗಳು ಎಣಿಸಿದಳು. “ಅವಾಗ ನಾ ಅಮೀನಗಡದಾಗ ಇಳಿತಿದ್ದೆ,” ಎಂದಳು.

ನನ್ನ ಬಳಿ ಪಡಸಾಲೆಯ ಅಳತೆಯಿತ್ತು, ಚೀಟಿಯ ಮಾತಿತ್ತು. ಎರಡನ್ನೂ ಬಿಟ್ಟು ಫೈಲು ಮುಚ್ಚಿದೆ. ಅವಳೇ ಕೈ ಚಾಚಿದಳು.

“ಹಿಡೀರಿ. ಅಕಿ ನೀರಿಗೆ ಹೋಗ್ಯಾಳ, ಬರೂದ್ರಾಗ ಮುಗಸೂನು.”

ಪಕ್ಕದ ಮನೆಯ ಕಟ್ಟೆಯವರೆಗೆ ಹೋದೆವು. ಹನ್ನೊಂದು ಹೆಜ್ಜೆ. ಅಲ್ಲಿ ಕೂತು ಬಹಳ ಹೊತ್ತು ಉಸಿರೆಳೆದಳು. ನೀರು ತಂದ ಸೊಸೆ ಕೊಡ ಇಳಿಸಿ ಅತ್ತೆಯ ಪಕ್ಕಕ್ಕೆ ಬಂದು ನಿಂತಳು.

“ಮುಂದಿನ ಭಾನುವಾರ ಬರ್ತೇನಿ,” ಎಂದೆ.

“ನೋಡೂನ್ರಿ,” ಎಂದಳು ಕಟ್ಟೆಯ ಮೇಲಿಂದ ಅವಳು.

ವಾಪಸು ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಇಳಿದು ಅವಳು ಹೋಗುತ್ತಿದ್ದ ಕರದಂಟಿನ ಅಂಗಡಿಯವರೆಗೆ ಎಣಿಸುತ್ತ ನಡೆದೆ. ಬಸ್ಸಿನ ಮೆಟ್ಟಿಲು ಬಿಟ್ಟು ನಲವತ್ತೆರಡು ಹೆಜ್ಜೆಯಾಯಿತು.