ಮುದಕಮ್ಮ ಕೇಳಿಕೊಂಡದ್ದು

"ಅಕ್ಕೋರ, ನಮ್ಮ ಮುದಕಮ್ಮಗ ನಾಕು ಮಾತು ಸ್ಪ್ಯಾನಿಷ್ ಕಲಸ್ರಿ" ಎಂದು ಗುರುಬಸವ ಸಾವ್ಕಾರ ನನ್ನ ಮನೆ ಬಾಗಿಲಿಗೆ ಬಂದಾಗ ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು.

2016ನೇ ಇಸವಿ. ನಾನು ಭಾಗ್ಯನಗರದಲ್ಲಿ ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದೆ. ನನ್ನ ಮಾಳಿಗೆಯ ಕಿಟಕಿ ತೆರೆದರೆ ಸಾವ್ಕಾರನ ಕೂದಲಿನ ಗೋದಾಮಿನ ಹಿತ್ತಲು ಕಾಣುತ್ತದೆ. ವಿಗ್ಗಿಗಾಗಿ ಅಲ್ಲಿನ ಕೂದಲು ಕೊಳ್ಳಲು ಸ್ಪೇನ್ ದೇಶದಿಂದ ಒಬ್ಬ ಹೆಂಗಸು ಬರುವವಳಿದ್ದಳಂತೆ. ಕೆಲಸದವರೇ ಅವಳ ಭಾಷೆಯಲ್ಲಿ ವಿನಯದಿಂದ ಕೇಳಿಕೊಳ್ಳಬೇಕು ಎಂಬುದು ಇವನ ಉಪಾಯ. ಮೂರು ಮಾತು: ದಯವಿಟ್ಟು ಒಳಗೆ ಬನ್ನಿ, ದಯವಿಟ್ಟು ಕುಳಿತುಕೊಳ್ಳಿ, ದಯವಿಟ್ಟು ಈ ವರ್ಷವೂ ನಮಗೇ ಕೆಲಸ ಕೊಡಿ.

"ಹೆಣ್ಮಕ್ಕಳು ಬೇಡ್ಕೊಂಡ್ರ ಆಕಿ ಕರಗ್ತಾಳ್ರಿ" ಎಂದು ಹಲ್ಲು ಕಿಸಿದ. ಬೇಡುವುದಕ್ಕೂ ಆಳು ಬೇಕು ಈ ಮನುಷ್ಯನಿಗೆ!

ಮುದಕಮ್ಮ ಮರಳಿ ಎಂಬ ಊರಿನ ಮಗಳು, ಭಾಗ್ಯನಗರದ ಸೊಸೆ. 1996ರಿಂದ ಆ ಗೋದಾಮಿನ ನೆಲದ ಮೇಲೆ ಕುಳಿತು, ಯಾರ್ಯಾರದೋ ಬಾಚಣಿಗೆಯಿಂದ ಬಂದ ಕೂದಲಿನ ಗಂಟುಗಳನ್ನು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಿದವಳು. ಮಾತಿನಲ್ಲಿ ಮಹಾ ಮರ್ಯಾದಸ್ಥೆ. ಅಂಗಳಕ್ಕೆ ನುಗ್ಗಿದ ಆಡಿಗೂ "ಅತ್ಲಾಗ ಸರೀರಿ" ಅನ್ನುವವಳು. ಹಾಡು ಹೇಳುವ ಬಾಯಿ ಅವಳದು, ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಸಾವ್ಕಾರ ಅವಳನ್ನೇ ಆರಿಸಿದ್ದು ಅದಕ್ಕೆ.

ನಲವತ್ತು ಹೆಂಗಸರು ದುಡಿಯುವ ಆ ಗೋದಾಮಿನಲ್ಲಿ ಒಂದು ಶೌಚಾಲಯವೂ ಇರಲಿಲ್ಲ. ಮೊದಮೊದಲು ಹಿಂದೆ ದೊಡ್ಡ ಜಾಲಿಪೊದೆ ಇತ್ತು. ಆಮೇಲೆ ಪ್ಲಾಟು ಬಿದ್ದವು, ಮನೆಗಳೆದ್ದವು. ಉಳಿದದ್ದು ಗೋಡೆಗೆ ಅಂಟಿದ ನಾಲ್ಕು ಗಿಡ. ಒಬ್ಬಳು ಕೂತರೆ ಇಬ್ಬರು ಸೆರಗು ಹಿಡಿದು ಮರೆಯಾಗಿ ನಿಲ್ಲುವುದನ್ನು ನಾನು ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ! ಆ ಭಯಕ್ಕೆ ಅವರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮುದಕಮ್ಮನಿಗೆ ಎರಡು ಸಲ ಮೂತ್ರದಲ್ಲಿ ರಕ್ತ ಹೋಯಿತು. ಡಾಕ್ಟರು ನೀರು ಕುಡಿ ಎಂದರು.

"ಕುಡದು ಎಲ್ಲಿಗೆ ಹೋಗ್ಲಿರಿ?" ಎಂದು ನನ್ನನ್ನು ಕೇಳಿದಳು.

ಸಾವ್ಕಾರನನ್ನು ಕೇಳದೇ ಇದ್ದಳೆಂದಲ್ಲ. "ಮೆಹರ್ಬಾನಿ ಮಾಡಿ ಒಂದು ಸಂಡಾಸ ಕಟ್ಟಸ್ರಿ, ಸಾವ್ಕಾರ್ರ" ಎಂದು ಪ್ರತಿ ದೀಪಾವಳಿಗೆ, ಪ್ರತಿ ಯುಗಾದಿಗೆ ಕೇಳಿದಳು. "ನೋಡೂಣಂತ, ನಡಿ" ಎನ್ನುತ್ತಿದ್ದ. ನಾನೂ ಅವಳ ಹೆಸರಿನಲ್ಲಿ, ಸಾಲಿಗೊಂದು ವಿನಂತಿ ತುರುಕಿ, ಅರ್ಜಿ ಬರೆದುಕೊಟ್ಟಿದ್ದೆ. ಅದನ್ನವನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ. ಅದು ಈಗಲೂ ಅಲ್ಲೇ ಇರಬಹುದು.

ನನಗೂ ಬಾರದ ಆ ಭಾಷೆಯನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಹೇಳಿಕೊಟ್ಟೆ, ಅವಳು ಸಂಜೆ ಬಂದು ಕಲಿತಳು.

"ಪೋರ್ ಫಾವೋರ್ ಅಂದ್ರ ಏನ್ರಿ?"

"ಮೆಹರ್ಬಾನಿ ಮಾಡ್ರಿ ಅಂದಂಗ."

ಆ ಮಾತನ್ನು ಎರಡು ಸಲ ಹೇಳಿ ನೋಡಿ, "ಹಂಗಾರ ಸಂಡಾಸಕ್ಕ ಏನಂತಾರ್ರಿ?" ಎಂದಳು.

"ಕೆಲಸ ಬಿಡಿಸ್ತಾನ, ಮುದಕಮ್ಮ."

"ಬಿಡಿಸ್ಲಿರಿ. ನನ್ನ ಜೀವಾನ ಹೊಂಟೈತಿ."

ಹೇಳಿಕೊಟ್ಟೆ.

ಸ್ಪೇನಿನ ಆ ಹೆಂಗಸು ಬಂದಳು, ಜೊತೆಗೆ ಮಾತು ತಿಳಿಸಿ ಹೇಳಲು ರೂಪಾ ಎಂಬ ಹುಡುಗಿ. ನಾನೂ ಹೋಗಿದ್ದೆ. ಇಳಕಲ್ ಸೀರೆ ಉಟ್ಟಿದ್ದ ಮುದಕಮ್ಮ ಒಳಗೆ ಕರೆದಳು, ಕೂರಿಸಿದಳು. ಆಮೇಲೆ ಕೈಮುಗಿದು, ಒಂದಕ್ಷರ ತಪ್ಪದೆ, "ಸೆನ್ಯೋರಾ, ಉನ್ ಬಾನ್ಯೋ ಪಾರಾ ನೊಸೋತ್ರಾಸ್, ಪೋರ್ ಫಾವೋರ್" ಎಂದಳು. ಅಮ್ಮಾ, ನಮಗೊಂದು ಶೌಚಾಲಯ, ದಯವಿಟ್ಟು.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಗುರುಬಸವ!

ರೂಪಾ ಅರ್ಥ ಬಿಡಿಸಿ ಹೇಳಿದಾಗ ಅವನ ಚಪ್ಪಾಳೆ ನಿಂತಿತು. ಈಗ ಎಲ್ಲಿಗೆ ಹೋಗುತ್ತೀರಿ ಎಂದು ಆ ಹೆಂಗಸು ಕೇಳಿದಳು. ಮುದಕಮ್ಮ ಅವಳ ಕೈಹಿಡಿದು ಹಿತ್ತಲಿಗೆ ಕರೆದೊಯ್ದು ಆ ನಾಲ್ಕು ಗಿಡ ತೋರಿಸಿದಳು. ಶೌಚಾಲಯ ಕಟ್ಟಿದ ಫೋಟೋ ತನಗೆ ಮುಟ್ಟಿದ ಮೇಲೆಯೇ ವ್ಯಾಪಾರದ ಮಾತು ಎಂದು ಹೇಳಿ ಆ ಹೆಂಗಸು ಹೊರಟುಹೋದಳು.

ಇಪ್ಪತ್ತು ವರ್ಷ ಆಗದ್ದು ಇಪ್ಪತ್ತು ದಿನದಲ್ಲಿ ಆಯಿತು. ನೀಲಿ ಟೈಲ್ಸು, ನಳ, ಕನ್ನಡಿ. ಫೋಟೋ ಹೋಯಿತು, ಆರ್ಡರೂ ಬಂತು. ಮರುದಿನ ಬಾಗಿಲಿಗೆ ಬೀಗ ಬಿತ್ತು.

"ಮಾಲು ಕೊಳ್ಳೂ ಪಾರ್ಟಿ ಮಂದಿ ಬಂದಾಗ ತಗಿಯೂಣು. ನೀವು ಹೊಲಸ ಮಾಡ್ತೀರಿ" ಎಂದನಂತೆ ಸಾವ್ಕಾರ. ಮುದಕಮ್ಮನೇ ಬಂದು ಹೇಳಿದಳು.

ಕೇಳಿ ನನ್ನ ಮೈಯೆಲ್ಲ ಉರಿಯಿತು. ಸ್ಪೇನಿಗೆ ಪತ್ರ ಬರೆಯುತ್ತೇನೆ ಎಂದು ಹಾರಾಡಿದೆ. "ಬ್ಯಾಡ್ರಿ ಅಕ್ಕೋರ" ಎಂದಷ್ಟೇ ಹೇಳಿ ಮುದಕಮ್ಮ ಹೋದಳು.

ಮರುದಿನ ಮಧ್ಯಾಹ್ನ ಹಿತ್ತಲಿನಿಂದ ಧಡ್ ಧಡ್ ಸದ್ದು ಬಂತು. ಕಿಟಕಿಗೆ ಓಡಿದೆ. ಮುದಕಮ್ಮನ ಕೈಯಲ್ಲಿ ಗುಂಡುಕಲ್ಲು. ಮೂರನೇ ಏಟಿಗೆ ಬೀಗ ಕಳಚಿ ಬಿತ್ತು. ಅವಳು ಒಳಗೆ ಹೋಗಿ, ನಿಧಾನವಾಗಿ ಹೊರಗೆ ಬಂದು ಕೈ ತೊಳೆದುಕೊಳ್ಳುವಷ್ಟರಲ್ಲಿ ಗುರುಬಸವ ಏದುಸಿರು ಬಿಡುತ್ತ ಬಂದ.

"ಯಾರ್ನ ಕೇಳಿ ಒಡದಿ?"

"ಎಲ್ಲಾರ್ನೂ ಕೇಳೀನ್ರಿ, ಸಾವ್ಕಾರ್ರ. ನಿಮ್ಮನ್ನ ಕನ್ನಡದಾಗ ಕೇಳ್ದೆ, ಆ ಅಮ್ಮಾರ್ನ ಅವರ ಭಾಷಾದಾಗ ಕೇಳ್ದೆ. ಇನ್ನ ಯಾರ್ನ ಕೇಳ್ಬೇಕಿತ್ರಿ?"

ಅವಳ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಾಲು ನಿಂತಿದ್ದರು. ಮುದಕಮ್ಮ ಗೋದಾಮಿನ ಹಿಂಬಾಗಿಲ ಬಳಿಯ ಕುಡಿಯುವ ನೀರಿನ ಕೊಡದಿಂದ ಒಂದು ಚೆಂಬು ನೀರು ತುಂಬಿಕೊಂಡಳು. ಅವನ ಎದುರಿಗೇ ನಿಂತು, ಒಂದು ಹನಿಯೂ ಬಿಡದೆ ಗಟಗಟ ಕುಡಿದಳು.